ಮೆಡಿಕಲ್ ಸ್ಕೂಲಿಗಾಗಿ ಎರಡನೇ ಡಿಗ್ರಿ: ಕೊಟ್ಟ ದುಡ್ಡಿಗೆ ಸಿಗುವುದೇನು?

ಅಮೆರಿಕದಲ್ಲಿ, ಮೆಡಿಕಲ್ ಸ್ಕೂಲಿಗೆ ಸೇರುವ ಮೊದಲು ಓದುವ ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ ಮುಗಿದಿದೆ. ಜಿಪಿಎ, ಎಂದರೆ ‘ಎ’ಗೆ 4, ‘ಬಿ’ಗೆ 3 ಎಂದು ಹಾಕುವ ಗ್ರೇಡ್‌ಗಳ ಸರಾಸರಿ, 2.9ಕ್ಕೆ ನಿಂತಿದೆ. ಡಾಕ್ಟರ್ ಆಗಬೇಕೆಂಬ ಆಸೆ ಮಾತ್ರ ಹಾಗೇ ಇದೆ. ಇಂಥವರ ಕಣ್ಣಿಗೆ ಮೊದಲು ಬೀಳುವ ದಾರಿ ಇನ್ನೊಂದು ಬ್ಯಾಚುಲರ್ ಡಿಗ್ರಿ. ಹಳೆಯ ಅಂಕಗಳ ಮೇಲೆ ಹೊಸದೊಂದು ಪದವಿ ಬಂದು ಕೂತರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಎರಡು-ಮೂರು ವರ್ಷದ ಆಯುಸ್ಸು ಮತ್ತು ಹತ್ತಾರು ಸಾವಿರ ಡಾಲರ್ ಸುರಿದು ಕೊಳ್ಳುವ ಸೇವೆ ಇದು. ಹಾಗಾಗಿ ಬೇರೆ ಯಾವುದೇ ದುಬಾರಿ ಖರೀದಿಯನ್ನು ತೂಗಿ ನೋಡುವಂತೆಯೇ ಇದನ್ನೂ ಇಲ್ಲಿ ತೂಗಿ ನೋಡಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎರಡನೇ ಡಿಗ್ರಿಯ ಸರ್ಟಿಫಿಕೇಟಿಗೆ ಅಡ್ಮಿಷನ್ ಕಮಿಟಿಯ ಮುಂದೆ ಹೆಚ್ಚು ಬೆಲೆಯಿಲ್ಲ. ಬೆಲೆ ಇರುವುದು ಅದರೊಳಗಿನ 30ರಿಂದ 60 ಕ್ರೆಡಿಟ್ (ಕೋರ್ಸ್‌ಗಳನ್ನು ಅಳೆಯುವ ಘಟಕ) ವಿಜ್ಞಾನಕ್ಕೆ, ಅದೂ ‘ಎ’ ಗ್ರೇಡಿನಲ್ಲಿ ಬಂದರೆ. ಅಷ್ಟು ಕ್ರೆಡಿಟ್‌ಗಳನ್ನು ಡಿಗ್ರಿಗೆ ಸೇರದೆಯೂ ಕೊಳ್ಳಬಹುದು. ಡಿಗ್ರಿಯನ್ನೇ ಕೊಳ್ಳಬೇಕಾದ ಸಂದರ್ಭಗಳೂ ಇವೆ, ಆದರೆ ಅವು ಬೆರಳೆಣಿಕೆಯವು.

ಏಕೆ ಹೀಗೆ ಎಂದು ತಿಳಿಯಬೇಕಾದರೆ ಅರ್ಜಿಯ ಒಂದು ಕೋಷ್ಟಕವನ್ನು ಹತ್ತಿರದಿಂದ ನೋಡಬೇಕು. ಎಂಡಿ (ಅಮೆರಿಕದಲ್ಲಿ ಡಾಕ್ಟರ್ ಆಗುವ ಮೂಲ ಪದವಿ) ಕಾಲೇಜುಗಳಿಗೆ ಬಹುಪಾಲು ಅರ್ಜಿ ಹೋಗುವುದು ಆಮ್‌ಕ್ಯಾಸ್ (AMCAS) ಎಂಬ ಕೇಂದ್ರೀಯ ಅರ್ಜಿ ಸೇವೆಯ ಮೂಲಕ. ಅದು ನೀವು ಓದಿದ ಪ್ರತಿಯೊಂದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಂಡು, ತನ್ನದೇ ಲೆಕ್ಕದಲ್ಲಿ ಜಿಪಿಎ ಹೊಸದಾಗಿ ಕಟ್ಟುತ್ತದೆ. ಕೋಷ್ಟಕದಲ್ಲಿ ಮೊದಲ ವರ್ಷ, ಎರಡನೇ ವರ್ಷ, ಮೂರು, ನಾಲ್ಕು ಎಂದು ಸಾಲುಗಳಿರುತ್ತವೆ. ಅವುಗಳ ಕೆಳಗೆ ‘ಪೋಸ್ಟ್‌ಬ್ಯಾಕಲಾರಿಯೇಟ್ ಅಂಡರ್‌ಗ್ರ್ಯಾಜುಯೇಟ್’ ಎಂಬ ಸಾಲು, ಆಮೇಲೆ ಇವೆಲ್ಲ ಸೇರಿದ ಒಟ್ಟು ಸಾಲು, ಕೊನೆಗೆ ಮಾಸ್ಟರ್ಸ್ ಮಟ್ಟದ ಓದಿನ ಗ್ರ್ಯಾಜುಯೇಟ್ ಸಾಲು. ಪ್ರತಿ ಸಾಲಿಗೂ ಮೂರು ಅಂಕಿ: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಸೇರಿದ ಬಿಸಿಪಿಎಂ; ಉಳಿದ ವಿಷಯಗಳದ್ದು; ಎರಡೂ ಕೂಡಿದ್ದು. ಮೊದಲ ಡಿಗ್ರಿ ಕೈಗೆ ಬಂದ ದಿನದ ನಂತರ ನೀವು ಓದುವ ಪ್ರತಿಯೊಂದು ಅಂಡರ್‌ಗ್ರ್ಯಾಜುಯೇಟ್ (ಬ್ಯಾಚುಲರ್ ಮಟ್ಟದ) ಕೋರ್ಸೂ ಆ ಒಂದೇ ಪೋಸ್ಟ್‌ಬ್ಯಾಕ್ ಸಾಲಿಗೆ ಹೋಗಿ ಬೀಳುತ್ತದೆ. ಎರಡನೇ ಡಿಗ್ರಿಯ ವಿದ್ಯಾರ್ಥಿಯಾಗಿ ಓದಿದರೂ, ಬಿಡಿಬಿಡಿಯಾಗಿ ನಾಲ್ಕು ಕೋರ್ಸ್ ತೆಗೆದುಕೊಂಡರೂ ಸಾಲು ಅದೇ. ಡಿಗ್ರಿ ಪಡೆದಿದ್ದಕ್ಕೆ ಪ್ರತ್ಯೇಕ ಅಂಕವಿಲ್ಲ.

ಹಳೆಯದು ಅಳಿಸಿಹೋಗುವುದೂ ಇಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಹಿಂದೆ ‘ಡಿ’ ಬಂದು, ಈಗ ಅದನ್ನೇ ಮತ್ತೆ ಓದಿ ‘ಎ’ ತೆಗೆದರೆ ಎರಡೂ ಲೆಕ್ಕಕ್ಕೆ ಸೇರುತ್ತವೆ. ಎಂಡಿ ಬದಲು ಡಿಒ ಎಂಬ ಡಾಕ್ಟರ್ ಪದವಿ ಕೊಡುವ ಆಸ್ಟಿಯೋಪಥಿಕ್ ಕಾಲೇಜುಗಳ ಅರ್ಜಿ ಸಂಸ್ಥೆ ಆಕೊಮಾಸ್‌ನಲ್ಲಿ ಒಂದು ಕಾಲಕ್ಕೆ ಹೊಸ ಗ್ರೇಡ್ ಬಂದರೆ ಹಳೆಯದನ್ನು ಕೈಬಿಡುತ್ತಿದ್ದರು. 2017ರಲ್ಲಿ ಅದೂ ನಿಂತಿತು. ಅದಕ್ಕಿಂತ ಹಿಂದಿನ ಸಲಹೆಗಳು ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿವೆ. ಅವನ್ನು ನಂಬಿ ಲೆಕ್ಕ ಹಾಕಿದವರು ಕೈಸುಟ್ಟುಕೊಳ್ಳುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಕಾಗದ, ಪೆನ್ನು ಹಿಡಿದು ನಿಮ್ಮ ಅಂಕಿಗಳನ್ನು ಹಾಕಿಕೊಂಡು ಓದಿ. ಮೊದಲ ಡಿಗ್ರಿ 120 ಕ್ರೆಡಿಟ್, ಜಿಪಿಎ 2.9 ಎಂದರೆ ಒಟ್ಟು ಪಾಯಿಂಟ್ 348. ಎರಡನೇ ಡಿಗ್ರಿಯಲ್ಲಿ 60 ಕ್ರೆಡಿಟ್ ಓದಿ 3.9 ತೆಗೆದಿರಿ ಎಂದುಕೊಳ್ಳಿ, 234 ಪಾಯಿಂಟ್ ಸೇರಿತು. 582ನ್ನು 180ರಿಂದ ಭಾಗಿಸಿದರೆ 3.23. ಎರಡು ವರ್ಷ ಬಿಡದೆ ‘ಎ’ ತೆಗೆದದ್ದಕ್ಕೆ ಒಟ್ಟು ಅಂಕಿ ಮೇಲೆ ಹೋದದ್ದು ಮೂರನೇ ಒಂದು ಪಾಯಿಂಟ್. 3.3 ಮುಟ್ಟಬೇಕಾದರೆ ಸುಮಾರು 69 ಕ್ರೆಡಿಟ್ ಪೂರ್ತಿ 4.0 ಬೇಕು. 3.5ಕ್ಕೆ ಬೇಕಾಗುವುದು 144 ಕ್ರೆಡಿಟ್, ಎಂದರೆ ಮೊದಲ ಡಿಗ್ರಿಗಿಂತ ದೊಡ್ಡದು. 2023ರಲ್ಲಿ ಎಂಡಿ ಕಾಲೇಜುಗಳಿಗೆ ಸೇರಿದವರ ಸರಾಸರಿ ಜಿಪಿಎ 3.77, ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಅಂಕ 511.7 ಇತ್ತು. ಎರಡನೇ ಡಿಗ್ರಿ ನಿಮ್ಮನ್ನು ಆ ಸರಾಸರಿಗೆ ಏರಿಸುವುದಿಲ್ಲ ಎಂಬುದನ್ನು ಮೊದಲ ದಿನವೇ ಒಪ್ಪಿಕೊಳ್ಳಬೇಕು.

ಹಾಗಾದರೆ ಮಾಡುವುದೇ ದಂಡವೇ? ಇಲ್ಲ. ಬಿಸಿಪಿಎಂ ಲೆಕ್ಕ ಬೇರೆ ಕಥೆ ಹೇಳುತ್ತದೆ. ಮೊದಲ ಡಿಗ್ರಿಯಲ್ಲಿ ವಿಜ್ಞಾನ 44 ಕ್ರೆಡಿಟ್ ಇದ್ದು ಅದರಲ್ಲಿ 2.6 ಬಂದಿದ್ದರೆ, ಹೊಸ 60ರಲ್ಲಿ 52 ಕ್ರೆಡಿಟ್ ವಿಜ್ಞಾನವಾಗಿ 3.9 ಬಂದರೆ, ವಿಜ್ಞಾನದ ಜಿಪಿಎ 3.30ಕ್ಕೆ ಏರುತ್ತದೆ. ತಳದಲ್ಲಿ ಕ್ರೆಡಿಟ್ ಕಡಿಮೆ ಇದ್ದಷ್ಟೂ ಹೊಸದರ ಎಳೆತ ಜಾಸ್ತಿ. ಎಲ್ಲಕ್ಕಿಂತ ಮುಖ್ಯವಾಗಿ, ಪೋಸ್ಟ್‌ಬ್ಯಾಕ್ ಸಾಲಿನಲ್ಲಿ 60 ಕ್ರೆಡಿಟ್ ಎದುರು 3.9 ಎಂದು ಒಂಟಿಯಾಗಿ ನಿಂತಿರುತ್ತದೆ. ಓದುವವರ ಕಣ್ಣು ಅಲ್ಲಿ ತಂಗುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ಮುಗ್ಗರಿಸಿದವರು ಇವತ್ತು ಏನು ಮಾಡಬಲ್ಲರು ಎಂಬುದಕ್ಕೆ ಅದೊಂದೇ ಸಾಕ್ಷಿ. ಆ ಸಾಲನ್ನು ಕಾಪಾಡಿಕೊಳ್ಳುವುದೇ ಈ ಇಡೀ ಖರೀದಿಯ ಉದ್ದೇಶ. 30 ಕ್ರೆಡಿಟ್‌ನ ಸಾಲಿನಲ್ಲಿ ನಾಲ್ಕು ಕ್ರೆಡಿಟ್‌ನ ಒಂದೇ ಒಂದು ‘ಬಿ’ ಬಿದ್ದರೆ 4.0 ಇದ್ದದ್ದು 3.87 ಆಗುತ್ತದೆ. ಎರಡು ‘ಬಿ’ ಬಿದ್ದರೆ 3.73. ಒಂದೇ ಸೆಮಿಸ್ಟರ್‌ನಲ್ಲಿ ಐದು ವಿಜ್ಞಾನ ಕೋರ್ಸ್ ಹೊತ್ತುಕೊಳ್ಳುವ ಮೊದಲು ಈ ಲೆಕ್ಕ ಮಾಡಿ.

ಡಿಗ್ರಿಯೇ ಬೇಕಾಗುವುದು ಯಾರಿಗೆ?

ಮೊದಲನೆಯವರು ಹೊರದೇಶದ ಪದವಿ ಇರುವವರು. ಆಮ್‌ಕ್ಯಾಸ್ ಹೊರದೇಶದ ಅಂಕಗಳನ್ನು ಪರಿಶೀಲಿಸುವುದೂ ಇಲ್ಲ, ಜಿಪಿಎಗೆ ಸೇರಿಸುವುದೂ ಇಲ್ಲ. ಭಾರತದ ಬಿ.ಇ.ಯಲ್ಲಿ ಎಂಥ ರ‍್ಯಾಂಕ್ ಬಂದಿದ್ದರೂ ಕೋಷ್ಟಕ ಖಾಲಿ. ಮೇಲಾಗಿ ಬಹಳಷ್ಟು ಕಾಲೇಜುಗಳು ಅಮೆರಿಕ ಅಥವಾ ಕೆನಡಾದಲ್ಲಿ ಇಷ್ಟು ಕ್ರೆಡಿಟ್ ಓದಿರಲೇಬೇಕು ಎಂದು ಕೇಳುತ್ತವೆ. ಕೆಲವು 90 ಕ್ರೆಡಿಟ್‌ವರೆಗೂ ಕೇಳುತ್ತವೆ, ಕೆಲವು ಇಲ್ಲಿಯ ಬ್ಯಾಚುಲರ್ ಡಿಗ್ರಿಯನ್ನೇ ಕೇಳುತ್ತವೆ. ಇವರಿಗೆ ಎರಡನೇ ಡಿಗ್ರಿ ಎಂದರೆ ಅರ್ಜಿಯ ಕಣ್ಣಲ್ಲಿ ಮೊದಲನೇ ಡಿಗ್ರಿ. ಆಮ್‌ಕ್ಯಾಸ್‌ನಲ್ಲಿ ಹಳೆಯ ಕಳಪೆ ಅಂಕಗಳ ಹೊರೆಯಿಲ್ಲದೆ 4.0ರಿಂದ ಶುರು ಮಾಡುವ ಅವಕಾಶ ಇರುವುದೂ ಇವರೊಬ್ಬರಿಗೇ. ಆದರೆ ಇಲ್ಲಿಯ ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದಿದ್ದರೆ ಅನೇಕ ಕಾಲೇಜುಗಳು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವವುಗಳಲ್ಲೂ ಕೆಲವು ಹಲವು ವರ್ಷದ ಫೀಸನ್ನು ಮುಂಗಡವಾಗಿ ಖಾತೆಯಲ್ಲಿಡಲು ಹೇಳುತ್ತವೆ. ಡಿಗ್ರಿಗೆ ದುಡ್ಡು ಕಟ್ಟುವ ಮುಂಚೆಯೇ ಇದನ್ನು ಕೇಳಿ ತಿಳಿದುಕೊಳ್ಳಿ. ಇನ್ನೊಂದು ಮಾತು: ಎಂಬಿಬಿಎಸ್ ಮುಗಿಸಿ ಬಂದವರಿಗೆ ಈ ದಾರಿಯ ಅಗತ್ಯವೇ ಇಲ್ಲ. ಅವರದು ಯುಎಸ್‌ಎಂಎಲ್‌ಇ (ವೈದ್ಯರ ಪರವಾನಗಿ ಪರೀಕ್ಷೆ) ಮತ್ತು ರೆಸಿಡೆನ್ಸಿಯ (ಆಸ್ಪತ್ರೆಯಲ್ಲಿನ ವೈದ್ಯ ತರಬೇತಿ) ದಾರಿ.

ಎರಡನೆಯವರು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಬೇಕಾದವರು. ಬಿಡಿ ಕೋರ್ಸ್‌ಗಳಿಗೆ ಆ ವೀಸಾಗೆ ಬೇಕಾದ ಕಾಲೇಜಿನ ಐ-20 ಪತ್ರ ಸಿಗುವುದು ಕಷ್ಟ. ಡಿಗ್ರಿಗೆ ಸೇರಿದರೆ ಸಿಗುತ್ತದೆ. ಅಂಡರ್‌ಗ್ರ್ಯಾಜುಯೇಟ್ ಆಗಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದಲೇಬೇಕು, ಆ ಲೆಕ್ಕಕ್ಕೆ ಹಿಡಿಯುವುದು ಒಂದೇ ಆನ್‌ಲೈನ್ ತರಗತಿ. ಹೀಗಾಗಿ ಪೂರ್ತಿ ಆನ್‌ಲೈನ್ ಡಿಗ್ರಿಗಳು ಇವರಿಗಲ್ಲ. ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವವರಿಗೆ ಈ ಕಟ್ಟುಪಾಡಿಲ್ಲ, ಅರೆಕಾಲಿಕವಾಗಿಯೂ ಓದಬಹುದು.

ಮೂರನೆಯವರು ಟೆಕ್ಸಸ್‌ನಲ್ಲಿರುವವರು, ಹಳೆಯ ಗ್ರೇಡ್‌ಗಳು ಹತ್ತು ವರ್ಷಕ್ಕಿಂತ ಹಿಂದಿನವಾದವರು. ಅಲ್ಲಿಯ ‘ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್’ ಕಾನೂನು ರಾಜ್ಯದ ಸರ್ಕಾರಿ ಕಾಲೇಜಿಗೆ ಸೇರುವಾಗ ಹತ್ತು ವರ್ಷಕ್ಕಿಂತ ಹಳೆಯ ಕ್ರೆಡಿಟ್‌ಗಳನ್ನೆಲ್ಲ ಬದಿಗಿಡಲು ಬಿಡುತ್ತದೆ. ಹಾಗೆ ಸೇರಿ ಹೊಸ ಬ್ಯಾಚುಲರ್ ಡಿಗ್ರಿ ಪಡೆದವರು ಮುಂದೆ ರಾಜ್ಯದ ಸರ್ಕಾರಿ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದಾಗ ಹೊಸ ಓದನ್ನಷ್ಟೇ ನೋಡುತ್ತಾರೆ. ನಿಜವಾಗಿ ಹಳೆಯದು ಅಳಿಯುವುದು ನಮಗೆ ತಿಳಿದಂತೆ ಇಲ್ಲೊಂದೇ ಕಡೆ. ಷರತ್ತು ಕಠಿಣ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವಂತಿಲ್ಲ. ಆ ಕಾಲದ ‘ಎ’ಗಳೂ, ಮುಗಿಸಿದ್ದ ಪ್ರೀಮೆಡ್ (ಮೆಡಿಕಲ್ ಸ್ಕೂಲ್ ಕೇಳುವ) ಕೋರ್ಸ್‌ಗಳೂ ಒಟ್ಟಿಗೆ ಹೋಗುತ್ತವೆ. ಟೆಕ್ಸಸ್‌ನ ಗಡಿ ದಾಟಿದರೆ ಈ ಸೌಲಭ್ಯವೂ ಇಲ್ಲ, ಏಕೆಂದರೆ ಆಮ್‌ಕ್ಯಾಸ್ ಎಲ್ಲವನ್ನೂ ಮತ್ತೆ ಎಣಿಸುತ್ತದೆ.

ನಾಲ್ಕನೆಯ ಕಾರಣ ಸೀಟು ಮತ್ತು ಸಾಲ. ಬಿಡಿ ಕೋರ್ಸ್ ತೆಗೆದುಕೊಳ್ಳುವವರು ರಿಜಿಸ್ಟ್ರೇಷನ್ ಸರದಿಯಲ್ಲಿ ಕೊನೆಯವರು. ಡಿಗ್ರಿ ವಿದ್ಯಾರ್ಥಿಗಳು ತೆಗೆದುಕೊಂಡು ಉಳಿದದ್ದು ಇವರಿಗೆ, ಮತ್ತು ಆರ್ಗ್ಯಾನಿಕ್ ಲ್ಯಾಬ್‌ನಲ್ಲಿ ಉಳಿಯುವುದು ಅಪರೂಪ. ಒಂದು ಲ್ಯಾಬ್ ಸೀಟು ತಪ್ಪಿದರೆ ವರ್ಷವೇ ಮುಂದಕ್ಕೆ ಹೋಗುತ್ತದೆ. ಡಿಗ್ರಿಗೆ ಸೇರಿದವರಿಗೆ ಆ ಚಿಂತೆ ಕಡಿಮೆ. ಸಾಲದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲೇ.

ದುಡ್ಡಿನ ಲೆಕ್ಕ

ಒಂದು ಬ್ಯಾಚುಲರ್ ಡಿಗ್ರಿ ಆದವರಿಗೆ ಪೆಲ್ ಗ್ರಾಂಟ್ (ಮರಳಿಸಬೇಕಿಲ್ಲದ ಫೆಡರಲ್ ನೆರವು) ಇಲ್ಲ. ಫೆಡರಲ್ ಸಾಲ ಉಂಟು, ಆದರೆ ಹೊಸ ಕೋಟಾ ಕೊಡುವುದಿಲ್ಲ. ಸ್ವತಂತ್ರ ವಿದ್ಯಾರ್ಥಿ ಎಂದು ಗಣಿಸಲ್ಪಟ್ಟವರ ಅಂಡರ್‌ಗ್ರ್ಯಾಜುಯೇಟ್ ಸಾಲದ ಒಟ್ಟು ಮಿತಿ 57,500 ಡಾಲರ್. ಮೊದಲ ಡಿಗ್ರಿಗೆ ತೆಗೆದದ್ದು ಅದರಲ್ಲೇ ಕಳೆಯುತ್ತದೆ. ವರ್ಷದ ಮಿತಿ ಮೂರನೇ ವರ್ಷದಿಂದ ಆಚೆಗೆ 12,500. ಡಿಗ್ರಿಗೆ ಸೇರದೆ, ಮೆಡಿಕಲ್ ಸ್ಕೂಲಿಗೆ ಬೇಕಾದ ಪೂರ್ವಸಿದ್ಧತಾ ಕೋರ್ಸ್‌ಗಳನ್ನಷ್ಟೇ ಓದುವವರಿಗೂ ಸತತ 12 ತಿಂಗಳ ಮಟ್ಟಿಗೆ ಫೆಡರಲ್ ಸಾಲ ಸಿಗುವ ವ್ಯವಸ್ಥೆ ಇದೆ. ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿಯಲ್ಲಿ ‘ಪ್ರಿಪರೇಟರಿ ಕೋರ್ಸ್‌ವರ್ಕ್ ಲೋನ್’ ಎಂದು ಹೆಸರು ಹಿಡಿದು ಕೇಳಬೇಕು. ಎಷ್ಟೋ ಜನ ಇದು ಗೊತ್ತಿಲ್ಲದೆ ಸಾಲಕ್ಕೋಸ್ಕರವೇ ಡಿಗ್ರಿಗೆ ಸೇರಿಬಿಡುತ್ತಾರೆ.

ಡಿಗ್ರಿಗೆ ಸೇರಿದ ಮೇಲೆ ಕಾದಿರುವ ಹೊಂಡ ಇನ್ನೊಂದು. ಫೆಡರಲ್ ನೆರವು ಪಡೆಯುವವರು ಒಂದು ಡಿಗ್ರಿಗೆ ಬೇಕಾದ ಕ್ರೆಡಿಟ್‌ನ ಶೇ 150ರೊಳಗೆ ಮುಗಿಸಬೇಕೆಂಬ ನಿಯಮವಿದೆ. 120 ಕ್ರೆಡಿಟ್‌ನ ಡಿಗ್ರಿಗೆ 180 ಮಿತಿ. ಹೊಸ ವಿಶ್ವವಿದ್ಯಾಲಯ ಹಳೆಯ 120ನ್ನೂ ವರ್ಗಾವಣೆ ಎಂದು ಲೆಕ್ಕಕ್ಕೆ ಹಿಡಿದರೆ, ಕೈಲಿ ಉಳಿಯುವುದು 60. ಹಿಂದೆ ಫೇಲಾಗಿ, ಬಿಟ್ಟು, ಮತ್ತೆ ಓದಿ 145 ಆಗಿದ್ದರೆ ಎರಡನೇ ವರ್ಷದ ಹೊತ್ತಿಗೆ ಸಾಲ ನಿಂತುಹೋಗುತ್ತದೆ. ಮೇಲ್ಮನವಿ ಹಾಕಬಹುದು, ಸಾಮಾನ್ಯವಾಗಿ ಹಾಕಲೇಬೇಕಾಗುತ್ತದೆ. ಸೇರುವ ಮೊದಲೇ ಆ ಕಚೇರಿಗೆ ಬರೆದು, ಎರಡನೇ ಡಿಗ್ರಿಯವರಿಗೆ ಮಿತಿಯನ್ನು ಹೇಗೆ ಎಣಿಸುತ್ತೀರಿ ಎಂದು ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲೇ ಪಡೆಯಿರಿ. ಒಮ್ಮೆ ಪಾಸಾದ ಕೋರ್ಸನ್ನು ಮತ್ತೆ ಓದುವುದಾದರೆ ನೆರವು ಒಂದೇ ಸಲ ಸಿಗುತ್ತದೆ ಎಂಬುದೂ ನೆನಪಿರಲಿ.

ತೆರಿಗೆಯಲ್ಲಿ, ನಾಲ್ಕು ವರ್ಷದ ಓದು ಮುಗಿಸಿದವರಿಗೆ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ಮುಗಿದಿರುತ್ತದೆ. ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಉಳಿದಿರುತ್ತದೆ: ಆದಾಯದ ಮಿತಿಯೊಳಗಿದ್ದರೆ ವರ್ಷಕ್ಕೆ 2,000 ಡಾಲರ್‌ವರೆಗೆ.

ಎರಡನೇ ಡಿಗ್ರಿಯಲ್ಲಿ ಉಳಿಸುವ ದುಡ್ಡಿಗೆ ಮೊದಲಿಗಿಂತ ಈಗ ಬೆಲೆ ಜಾಸ್ತಿ. 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರ್ಯಾಡ್ ಪ್ಲಸ್ ಎಂಬ, ಡಿಗ್ರಿಯ ನಂತರದ ಓದಿನ ಫೆಡರಲ್ ಸಾಲ ಇಲ್ಲ. ಮೆಡಿಕಲ್‌ನಂಥ ವೃತ್ತಿ ಶಿಕ್ಷಣಕ್ಕೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್‌ಗೆ ನಿಲ್ಲುತ್ತದೆ. ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳ ವರ್ಷದ ಖರ್ಚು ಇದಕ್ಕಿಂತ ಮೇಲಿದೆ. ಎರಡನೇ ಡಿಗ್ರಿಗೆ ಖಾಸಗಿ ಕಾಲೇಜಿನಲ್ಲಿ ಗಂಟು ಕರಗಿಸಿ, ಆಮೇಲೆ ಮೆಡಿಕಲ್ ಸೀಟು ಕೈಗೆ ಬಂದಾಗ ದುಡ್ಡಿಲ್ಲದೆ ಒದ್ದಾಡುವುದು ಯಾರಿಗೂ ಬೇಡ. ನಿಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಸಾಕು.

ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳೂ ಎರಡನೇ ಡಿಗ್ರಿಯವರನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ನಿಜ. ಕ್ಯಾಲಿಫೋರ್ನಿಯಾದಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳ ಬಾಗಿಲು ಇವರಿಗೆ ಹೆಚ್ಚುಕಡಿಮೆ ಮುಚ್ಚಿದೆ. ಅಲ್ಲಿಯ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ಸಮೂಹ ಕ್ಯಾಲ್ ಸ್ಟೇಟ್‌ನಲ್ಲೂ ಬಹಳ ಕಡೆ ನರ್ಸಿಂಗ್‌ನಂಥ ಆಯ್ದ ಮೇಜರ್‌ಗಳಿಗಷ್ಟೇ (ಡಿಗ್ರಿಯ ಮುಖ್ಯ ವಿಷಯ) ಅವಕಾಶ. ಅಲ್ಲಿಯವರಿಗೆ ಹೊರಗಿನವರಿಗೂ ತೆರೆದಿರುವ ಎಕ್ಸ್‌ಟೆನ್ಷನ್ ವಿಭಾಗದ ಬಿಡಿ ಕೋರ್ಸ್‌ಗಳೇ ಗತಿ. ತೆಗೆದುಕೊಳ್ಳುವ ಕಡೆ ಸಾಮಾನ್ಯ ಷರತ್ತು ಅಲ್ಲಿಯೇ ಕನಿಷ್ಠ 30 ಕ್ರೆಡಿಟ್ ಓದುವುದು, ಮೇಜರ್‌ನ ಕೋರ್ಸ್‌ಗಳನ್ನೆಲ್ಲ ಮುಗಿಸುವುದು. ಜನರಲ್ ಎಜುಕೇಶನ್ ಕೋರ್ಸ್‌ಗಳು ಬಹುತೇಕ ಮಾಫಿ.

ಯಾವ ಮೇಜರ್?

ಇಲ್ಲಿ ನಮ್ಮ ಅಳತೆಗೋಲು ಒಂದೇ: ಅಲ್ಲಿ ಓದುವ ಕೋರ್ಸ್‌ಗಳಲ್ಲಿ ಎಷ್ಟು ಬಿಸಿಪಿಎಂಗೆ ಸೇರುತ್ತವೆ, ಅವುಗಳಲ್ಲಿ ‘ಎ’ ತೆಗೆಯಲು ಎಷ್ಟು ಸಾಧ್ಯ. ಆಮ್‌ಕ್ಯಾಸ್ ಕೋರ್ಸ್‌ಗಳನ್ನು ವಿಂಗಡಿಸುವುದು ಪಾಠದ ವಿಷಯ ನೋಡಿ. ನಿಮ್ಮ ಮೇಜರ್‌ನ ಹೆಸರು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬಯಾಲಜಿ ಸಪ್ಪೆ ಎನಿಸಬಹುದು, ಆದರೂ ನಮ್ಮ ಮೊದಲ ಆಯ್ಕೆ ಅದೇ. ಸೆಲ್ ಬಯಾಲಜಿ, ಜೆನೆಟಿಕ್ಸ್, ಫಿಸಿಯಾಲಜಿ, ಮೈಕ್ರೋಬಯಾಲಜಿ, ಇಮ್ಯುನಾಲಜಿ ಎಲ್ಲವೂ ಬಿಸಿಪಿಎಂ. ಎಂಕ್ಯಾಟ್‌ಗೂ ಉಪಯೋಗ, ಮೆಡಿಕಲ್ ಮೊದಲ ವರ್ಷಕ್ಕೂ ಉಪಯೋಗ. ಒಂದೇ ತೊಡಕು, ಮೊದಲ ಡಿಗ್ರಿಯೂ ಬಯಾಲಜಿಯೇ ಆಗಿದ್ದರೆ ಅದೇ ವಿಷಯದಲ್ಲಿ ಮತ್ತೊಂದು ಡಿಗ್ರಿ ಕೊಡುವುದಿಲ್ಲ. ಅಂಥವರಿಗೆ ನ್ಯೂರೋಸೈನ್ಸ್ ಒಳ್ಳೆಯದು. ಅದರ ಕೋರ್ಸ್‌ಗಳು ಬಯಾಲಜಿ ಎಂದೇ ಎಣಿಕೆಯಾಗುತ್ತವೆ, ಎಂಕ್ಯಾಟ್‌ನ ಮನಶ್ಶಾಸ್ತ್ರದ ಭಾಗಕ್ಕೂ ನೆರವಾಗುತ್ತದೆ.

ಬಯೋಕೆಮಿಸ್ಟ್ರಿ ನೋಡಲು ಗಟ್ಟಿ, ಆದರೆ ಅದರೊಳಗೆ ಫಿಸಿಕಲ್ ಕೆಮಿಸ್ಟ್ರಿ ಕೂತಿರುತ್ತದೆ, ಅದಕ್ಕಿಂತ ಮುಂಚೆ ಕ್ಯಾಲ್ಕುಲಸ್. ಮೆಡಿಕಲ್ ಸ್ಕೂಲ್ ಕೇಳದ ಆ ಎರಡು ಸೆಮಿಸ್ಟರ್‌ಗಳು ಪೋಸ್ಟ್‌ಬ್ಯಾಕ್ ಸಾಲನ್ನು ಹಾಳುಮಾಡಿದ್ದು ಹೆಚ್ಚು. ಗಣಿತ ಸಲೀಸಾಗಿ ಬರುವವರಿಗೆ ಮಾತ್ರ. ಬಯೋಕೆಮಿಸ್ಟ್ರಿಯ ಒಂದೆರಡು ಕೋರ್ಸನ್ನು ಬಯಾಲಜಿ ಮೇಜರ್‌ನವರೂ ತೆಗೆದುಕೊಳ್ಳಬಹುದು, ಅಷ್ಟು ಸಾಕು.

ನರ್ಸಿಂಗ್ ಬಗ್ಗೆ ಕೇಳುವವರು ಬಹಳ. ಮೊದಲ ಡಿಗ್ರಿ ಇದ್ದವರಿಗೆಂದೇ 12ರಿಂದ 18 ತಿಂಗಳ ವೇಗದ ಬಿಎಸ್ಎನ್ (ನರ್ಸಿಂಗ್ ಬ್ಯಾಚುಲರ್ ಡಿಗ್ರಿ) ಕೋರ್ಸ್‌ಗಳಿವೆ, ಮುಗಿದ ತಕ್ಷಣ ಕೆಲಸವಿದೆ. ನರ್ಸ್ ಆಗಬೇಕೆಂದು ಮನಸ್ಸಿದ್ದವರಿಗೆ ಅದಕ್ಕಿಂತ ಒಳ್ಳೆಯ ಎರಡನೇ ಡಿಗ್ರಿ ಇಲ್ಲ. ಆದರೆ ಮೆಡಿಕಲ್ ಅರ್ಜಿಯ ರಿಪೇರಿಗೆ ಅದು ತಪ್ಪು ಸಾಮಾನು. ನರ್ಸಿಂಗ್ ಕೋರ್ಸ್‌ಗಳನ್ನು ಆಮ್‌ಕ್ಯಾಸ್ ‘ಹೆಲ್ತ್ ಸೈನ್ಸಸ್’ ಎಂದು ಇಡುತ್ತದೆ, ಬಿಸಿಪಿಎಂಗೆ ಸೇರುವುದಿಲ್ಲ. ಆರ್ಗ್ಯಾನಿಕ್, ಫಿಸಿಕ್ಸ್, ಬಯೋಕೆಮಿಸ್ಟ್ರಿ ಆ ಪಠ್ಯಕ್ರಮದಲ್ಲೇ ಇಲ್ಲ, ಮುಗಿದ ಮೇಲೆ ಬೇರೆಯಾಗಿ ಓದಬೇಕು. ಅನೇಕ ಕಡೆ ‘ಎ’ಗೆ 93 ಅಥವಾ 94 ಬೇಕು, ವಾರವಿಡೀ ಆಸ್ಪತ್ರೆಯ ಪಾಳಿ ಬೇರೆ. ಸಂದರ್ಶನದಲ್ಲಿ ‘ನರ್ಸ್ ಆಗಿ ಏಕೆ ಮುಂದುವರಿಯುತ್ತಿಲ್ಲ’ ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಮೆಡಿಕಲ್ ಲ್ಯಾಬೊರೇಟರಿ ಸೈನ್ಸ್ ಅಷ್ಟಾಗಿ ಯಾರೂ ಹೆಸರೆತ್ತದ, ಆದರೆ ನಾವು ಮನಸಾರೆ ಶಿಫಾರಸು ಮಾಡುವ ಡಿಗ್ರಿ. ಮೈಕ್ರೋಬಯಾಲಜಿ, ಇಮ್ಯುನಾಲಜಿಯಂಥ ಗಟ್ಟಿ ವಿಜ್ಞಾನ ಅದರಲ್ಲಿದೆ, ಮುಗಿಸಿ ಸರ್ಟಿಫಿಕೇಶನ್ ಪರೀಕ್ಷೆ ಪಾಸಾದರೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಕಾದಿದೆ. ಎರಡು ಸಲ ಅರ್ಜಿ ಹಾಕಿಯೂ ಸೀಟು ಸಿಗದಿದ್ದರೆ ಬಯಾಲಜಿ ಡಿಗ್ರಿ ಅಷ್ಟಾಗಿ ಹೊಟ್ಟೆ ತುಂಬಿಸುವುದಿಲ್ಲ, ಇದು ತುಂಬಿಸುತ್ತದೆ. ಕೊನೆಯ ವರ್ಷದ ಲ್ಯಾಬ್ ತರಬೇತಿಯ ಕ್ರೆಡಿಟ್‌ಗಳು ಬಿಸಿಪಿಎಂಗೆ ಬರುತ್ತವೆ ಎಂದು ಮಾತ್ರ ಲೆಕ್ಕ ಹಾಕಬೇಡಿ.

ಪಬ್ಲಿಕ್ ಹೆಲ್ತ್, ಸೈಕಾಲಜಿ: ಒಟ್ಟು ಜಿಪಿಎ ಏರುತ್ತದೆ, ವಿಜ್ಞಾನದ್ದು ಏರುವುದಿಲ್ಲ. ಅವುಗಳೊಳಗಿನ ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಮಾತ್ರ ಗಣಿತ ಎಂದು ಎಣಿಕೆಯಾಗುತ್ತದೆ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಎರಡೂ ಬಿಸಿಪಿಎಂ ಹೊರಗೆ. ಈ ಉದ್ದೇಶಕ್ಕೆ ಬೇಡ.

ಆನ್‌ಲೈನ್ ಡಿಗ್ರಿಗಳಲ್ಲಿ ಎರಡು ವಿಷಯ ನೋಡಿ. ಒಂದು, ಗ್ರೇಡ್ ಕೊಡುತ್ತಾರೋ ಇಲ್ಲವೋ. ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಂಥ ಕಡೆ ಪಾಸ್ ಅಥವಾ ಪಾಸಿಲ್ಲ ಅಷ್ಟೇ. ಬೇಗ ಮುಗಿಯುತ್ತದೆ, ಅಗ್ಗ, ಆದರೆ ಜಿಪಿಎ ಏರಿಸುವ ಕೆಲಸಕ್ಕೆ ನೀರಲ್ಲಿ ಹೋಮ ಮಾಡಿದಂತೆ. ಎರಡು, ಲ್ಯಾಬ್. ಅರಿಜೋನಾ ಸ್ಟೇಟ್‌ನ ಆನ್‌ಲೈನ್ ಬಯೋಕೆಮಿಸ್ಟ್ರಿ ಡಿಗ್ರಿಯಲ್ಲಿ ಆರ್ಗ್ಯಾನಿಕ್ ಲ್ಯಾಬ್‌ಗೆ ಕ್ಯಾಂಪಸ್‌ಗೇ ಹೋಗಿ ಮಾಡಬೇಕು, ಅದು ಒಳ್ಳೆಯ ಲಕ್ಷಣ. ಪೂರ್ತಿ ಆನ್‌ಲೈನ್ ಲ್ಯಾಬನ್ನು ಒಪ್ಪದ ಮೆಡಿಕಲ್ ಸ್ಕೂಲ್‌ಗಳಿವೆ. ಅರ್ಜಿ ಹಾಕಲಿರುವ ಕಾಲೇಜುಗಳ ಪಟ್ಟಿ ಮಾಡಿಕೊಂಡು ಒಂದೊಂದರ ನಿಯಮ ಓದದೆ ಅದಕ್ಕೆ ಸೇರಬೇಡಿ.

ಪ್ರತಿಸ್ಪರ್ಧಿ ಸರಕುಗಳು

ಡಿಗ್ರಿ ಆದವರಿಗೆ ಪ್ರೀಮೆಡ್ ಕೋರ್ಸ್ ಕಲಿಸುವ ಪೋಸ್ಟ್‌ಬ್ಯಾಕ್ ಕಾರ್ಯಕ್ರಮಗಳಲ್ಲಿ ಎರಡು ಜಾತಿ. ಬ್ರಿನ್ ಮಾರ್, ಗೌಚರ್, ಸ್ಕ್ರಿಪ್ಸ್ ಕಾಲೇಜುಗಳಲ್ಲಿರುವುದು ವಿಜ್ಞಾನವನ್ನೇ ಓದದೆ ಬಂದವರಿಗೆ. ಇತಿಹಾಸದಲ್ಲಿ 3.7 ಇದ್ದು ಕೆಮಿಸ್ಟ್ರಿ ಮುಟ್ಟದವರಿಗೆ ಅದಕ್ಕಿಂತ ಚೊಕ್ಕ ದಾರಿಯಿಲ್ಲ; ಪ್ರೀಮೆಡ್ ಕೋರ್ಸ್‌ಗಳನ್ನು ಓದಿ ಕಡಿಮೆ ಅಂಕ ತೆಗೆದವರನ್ನು ಅವು ಸೇರಿಸಿಕೊಳ್ಳುವುದಿಲ್ಲ. ಕೊಲಂಬಿಯಾದ ಸ್ಕೂಲ್ ಆಫ್ ಜನರಲ್ ಸ್ಟಡೀಸ್‌ನಲ್ಲಿರುವುದು 1955ರಿಂದ ನಡೆದು ಬಂದದ್ದು. ಅಂಕ ರಿಪೇರಿಯವರಿಗೆ ‘ಅಕಾಡೆಮಿಕ್ ಎನ್‌ಹಾನ್ಸರ್’ ಎಂದು ಹೇಳಿಕೊಂಡ ಕಾರ್ಯಕ್ರಮಗಳು ಬೇರೆ. ಹಾರ್ವರ್ಡ್ ಎಕ್ಸ್‌ಟೆನ್ಷನ್‌ನಂಥ ಕಡೆ ಹಗಲು ಕೆಲಸ ಮಾಡಿ ಸಂಜೆ ಓದಬಹುದು.

ಇನ್ನೊಂದು ಸ್ಪೆಷಲ್ ಮಾಸ್ಟರ್ಸ್, ಎಸ್‌ಎಂಪಿ. ಜಾರ್ಜ್‌ಟೌನ್‌ನದು ಹಳೆಯ ಹೆಸರು. ಒಂದು ವರ್ಷ, ಮೆಡಿಕಲ್ ಮಟ್ಟದ ಪಾಠ, ದುಬಾರಿ ಫೀಸು. ಆ ಅಂಕಗಳು ಗ್ರ್ಯಾಜುಯೇಟ್ ಸಾಲಿಗೆ ಹೋಗುತ್ತವೆ, ಅಂಡರ್‌ಗ್ರ್ಯಾಜುಯೇಟ್ ಜಿಪಿಎ ಒಂದು ಕೂದಲೂ ಅಲುಗುವುದಿಲ್ಲ. 3.3 ಇದ್ದು ಎಂಕ್ಯಾಟ್ ಚೆನ್ನಾಗಿರುವವರಿಗೆ ಸರಿ. 2.8 ಇದ್ದವರು ಮೊದಲು ಅಂಡರ್‌ಗ್ರ್ಯಾಜುಯೇಟ್ ಕೋರ್ಸ್‌ಗಳನ್ನೇ ಓದಬೇಕು, ಏಕೆಂದರೆ ಎಸ್‌ಎಂಪಿಯಲ್ಲಿ ಒಂದು ಸೆಮಿಸ್ಟರ್ ಕೆಟ್ಟರೆ ಅದನ್ನು ಮುಚ್ಚಲು ಮುಂದೆ ಏನೂ ಉಳಿಯುವುದಿಲ್ಲ.

ಕೆನಡಾದಲ್ಲಿ ಒಂದೊಂದು ಕಾಲೇಜಿನದು ಒಂದೊಂದು ಲೆಕ್ಕ, ಹಾಗಾಗಿ ಅಲ್ಲಿ ಎರಡನೇ ಡಿಗ್ರಿಯ ಬೆಲೆಯೂ ಬದಲಾಗುತ್ತದೆ. ಮ್ಯಾಕ್‌ಮಾಸ್ಟರ್ ಎಲ್ಲ ಅಂಡರ್‌ಗ್ರ್ಯಾಜುಯೇಟ್ ವರ್ಷಗಳನ್ನೂ ಎಣಿಸುತ್ತದೆ, ಎಂಕ್ಯಾಟ್‌ನಲ್ಲಿ ನೋಡುವುದು ಕಾರ್ಸ್ (ಓದಿ ಅರ್ಥಮಾಡಿಕೊಂಡು ತರ್ಕಿಸುವ) ಭಾಗವನ್ನಷ್ಟೇ. ಆಯ್ದ ವರ್ಷಗಳನ್ನೋ ಇತ್ತೀಚಿನ ವರ್ಷಗಳನ್ನೋ ಮಾತ್ರ ನೋಡುವ ಕಡೆ ಹೊಸ ಡಿಗ್ರಿ ಹಳೆಯದನ್ನು ನಿಜಕ್ಕೂ ಹಿಂದೆ ಹಾಕಬಲ್ಲದು. ಆದರೆ ಅಲ್ಲಿ ಪ್ರತಿ ವರ್ಷ ಪೂರ್ಣ ಕೋರ್ಸ್ ಹೊರೆ ಇರಬೇಕೆಂಬ ಷರತ್ತು ಸಾಮಾನ್ಯ. ಒಂದು ಕೋರ್ಸ್ ಕಡಿಮೆ ತೆಗೆದುಕೊಂಡರೆ ಆ ವರ್ಷವೇ ಲೆಕ್ಕದಿಂದ ಹೊರಗೆ.

ಕಾಲದ ಸರಪಳಿ

ವಿಜ್ಞಾನ ಓದದೆ ಬಂದವರಿಗೆ ಸಮಯ ನಿರ್ಧರಿಸುವುದು ಕೆಮಿಸ್ಟ್ರಿ. ಜನರಲ್ ಕೆಮಿಸ್ಟ್ರಿ ಒಂದು, ಎರಡು, ಆರ್ಗ್ಯಾನಿಕ್ ಒಂದು, ಎರಡು, ಆಮೇಲೆ ಬಯೋಕೆಮಿಸ್ಟ್ರಿ. ಐದು ಕೊಂಡಿ, ಒಂದರ ಹಿಂದೆ ಒಂದು, ಹಾರಿಸುವಂತಿಲ್ಲ. 2026ರ ಶರತ್ಕಾಲದಲ್ಲಿ ಶುರು ಮಾಡಿದರೆ ಬಯೋಕೆಮಿಸ್ಟ್ರಿ ಮುಗಿಯುವುದು 2028ರ ಡಿಸೆಂಬರ್‌ಗೆ. 2029ರ ಜನವರಿಯಿಂದ ಏಪ್ರಿಲ್ ನಡುವೆ ಎಂಕ್ಯಾಟ್, ಜೂನ್‌ನಲ್ಲಿ ಅರ್ಜಿ, ಸೀಟು ಸಿಕ್ಕರೆ ತರಗತಿ 2030ರ ಬೇಸಿಗೆಯ ಕೊನೆಗೆ. ಬೇಸಿಗೆ ರಜೆಯ ಕೋರ್ಸ್‌ಗಳಿಂದ ಒಂದು ವರ್ಷ ಉಳಿಸಬಹುದು, ಆದರೆ 15 ವಾರದ ಆರ್ಗ್ಯಾನಿಕ್ ಅನ್ನು 5 ವಾರಕ್ಕೆ ಹಿಂಡಿದಾಗ ‘ಎ’ ಬರುವುದು ದುರ್ಲಭ. ಜನರಲ್ ಕೆಮಿಸ್ಟ್ರಿಗೆ ಬೇಸಿಗೆ ಬಳಸಿ, ಆರ್ಗ್ಯಾನಿಕ್‌ಗೆ ಬೇಡ. ಮೊದಲ ಸೆಮಿಸ್ಟರ್‌ನಲ್ಲಿ ವಿಜ್ಞಾನ ಎರಡೇ ಕೋರ್ಸ್ ಇರಲಿ.

ಅವಸರದಲ್ಲಿ ನಡೆಯುವ ತಪ್ಪು, ಎರಡೇ ಸೆಮಿಸ್ಟರ್ ಮುಗಿದಾಗ ಅರ್ಜಿ ಹಾಕುವುದು. ಜೂನ್‌ನಲ್ಲಿ ಕಳುಹಿಸಿದ ಅರ್ಜಿಯ ಜಿಪಿಎ ಅಲ್ಲಿಗೆ ಮುದ್ರೆ ಬಿದ್ದಂತೆ. ಮುಂದಿನ ಡಿಸೆಂಬರ್‌ನ ‘ಎ’ಗಳನ್ನು ಆಮ್‌ಕ್ಯಾಸ್ ಆ ವರ್ಷದ ಲೆಕ್ಕಕ್ಕೆ ಸೇರಿಸುವುದಿಲ್ಲ. 60 ಕ್ರೆಡಿಟ್‌ಗೆ ದುಡ್ಡು ಕೊಟ್ಟು 24 ಕ್ರೆಡಿಟ್ ತೋರಿಸಿ ಅರ್ಜಿ ಹಾಕಿದಂತಾಗುತ್ತದೆ. ಎಂಕ್ಯಾಟ್ ಅಂಕಕ್ಕೂ ವಾಯಿದೆ ಇದೆ, ಬಹಳ ಕಡೆ ಸುಮಾರು ಮೂರು ವರ್ಷ. ಆದ್ದರಿಂದ ಡಿಗ್ರಿಗೆ ಸೇರುವ ಮೊದಲೇ ಪರೀಕ್ಷೆ ಬರೆದು ಇಟ್ಟುಕೊಳ್ಳುವುದರಿಂದ ಲಾಭವಿಲ್ಲ.

ಶಿಫಾರಸು ಪತ್ರಗಳನ್ನು ಮರೆಯಬೇಡಿ. ಸಾಮಾನ್ಯವಾಗಿ ಇಬ್ಬರು ವಿಜ್ಞಾನದ ಪ್ರಾಧ್ಯಾಪಕರು, ಒಬ್ಬರು ಬೇರೆ ವಿಷಯದವರು ಬೇಕು. 300 ಜನರ ತರಗತಿಯಲ್ಲಿ ‘ಎ’ ತೆಗೆದ ಮಾತ್ರಕ್ಕೆ ಪ್ರಾಧ್ಯಾಪಕರಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ. ಮೂರನೇ ವಾರದಿಂದಲೇ ಅವರ ಆಫೀಸ್ ಅವರ್‌ಗೆ ಹೋಗಿ. ಹೊಸ ಕಾಲೇಜಿನ ಪ್ರೀಮೆಡ್ ಕಮಿಟಿ ಎರಡನೇ ಡಿಗ್ರಿಯವರಿಗೂ ಪತ್ರ ಕೊಡುತ್ತದೆಯೇ, ಅದಕ್ಕೆ ಅಲ್ಲಿ ಎಷ್ಟು ಕ್ರೆಡಿಟ್ ಓದಿರಬೇಕು ಎಂದು ಸೇರುವ ಮೊದಲೇ ಕೇಳಿ.

ಡಿಗ್ರಿಗೇ ಸೇರುವುದಾದರೆ ಒಂದು ನಿಲುಗಡೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮೊದಲ ಎರಡು ಸೆಮಿಸ್ಟರ್‌ಗಳ 24 ಕ್ರೆಡಿಟ್ ಮುಗಿದಾಗ ಪೋಸ್ಟ್‌ಬ್ಯಾಕ್ ಸಾಲು 3.7ರ ಮೇಲಿದ್ದರೆ ಮುಂದುವರಿಯಿರಿ. 3.5ರಿಂದ 3.7ರೊಳಗಿದ್ದರೆ ಕೋರ್ಸ್ ಹೊರೆ ಇಳಿಸಿ, ಕೆಲಸದ ಗಂಟೆ ಕಡಿಮೆ ಮಾಡಿ ಇನ್ನೊಂದು ಸೆಮಿಸ್ಟರ್ ನೋಡಿ. 3.5ಕ್ಕಿಂತ ಕೆಳಗಿದ್ದರೆ ಮೂರನೇ ಸೆಮಿಸ್ಟರ್‌ನ ಫೀಸು ಕಟ್ಟಬೇಡಿ. ಮನೆಯ ಸಮಸ್ಯೆಯೋ, ಆರೋಗ್ಯವೋ, ಓದುವ ಕ್ರಮವೋ, ಮೊದಲ ಡಿಗ್ರಿಯನ್ನು ಕೆಡಿಸಿದ ಕಾರಣ ಇನ್ನೂ ಅಲ್ಲೇ ಇದೆ ಎಂದರ್ಥ. ಅದು ಸರಿಯಾದ ಮೇಲೆ ಮರಳಿ ಬಂದು ಸೇರಿದರೂ ಆ 24 ಕ್ರೆಡಿಟ್‌ಗಳು ಹಾಗೇ ಇರುತ್ತವೆ. ಈ ಅರ್ಜಿಗೆ ವಯಸ್ಸಿನ ಮಿತಿಯೂ ಇಲ್ಲ.